ಮರುಪತ್ರಕ್ಕೂ ಒಂದು ‘ವಿಷಯ’ ಇರಲಿ

ಲಾಲ್‌ಬಾಗಿನ ಮಂಗಳೂರು ಮಹಾನಗರ ಪಾಲಿಕೆಗೆ ಅರ್ಜಿ ಕೊಟ್ಟಿರಿ, ಹಿಂಬರಹ ಬಂತು, ಅದಕ್ಕೆ ನೀವು ಉತ್ತರಿಸಬೇಕು ಎಂದುಕೊಳ್ಳಿ. ‘ವಿಷಯ’ದ ಸಾಲಿನಲ್ಲಿ ‘ನಿಮ್ಮ ಪತ್ರಕ್ಕೆ ಉತ್ತರ’ ಎಂದಷ್ಟೇ ಬರೆಯಬೇಡಿ. ಅಂಥ ಉತ್ತರಗಳು ಅಲ್ಲಿಗೆ ದಿನವೂ ಬರುತ್ತವೆ. ‘ಬಿಜೈ ಕಾಪಿಕಾಡಿನ ನಮ್ಮ ಮನೆಯ ನೀರಿನ ಬಿಲ್ಲಿನ ತಪ್ಪು ಮೊತ್ತ’ ಎಂದು ಮೊದಲ ಅರ್ಜಿಯಲ್ಲಿದ್ದ ಮಾತನ್ನೇ ಮತ್ತೆ ಬರೆಯಿರಿ. ಪದ ಬದಲಾದರೆ ಅದು ಹೊಸ ದೂರು ಅನ್ನಿಸಿಬಿಡುತ್ತದೆ.

ಅದರ ಕೆಳಗೆ ‘ಉಲ್ಲೇಖ’. ನಿಮ್ಮ ಅರ್ಜಿಯ ದಿನಾಂಕ, ಹಿಂಬರಹದ ಸಂಖ್ಯೆ ಮತ್ತು ದಿನಾಂಕ ಎರಡೂ ಬೇಕು. ಕಡತ ಸಿಗುವುದು ಆ ಸಂಖ್ಯೆಯಿಂದ. ವಿಷಯ ನಿರ್ವಾಹಕರು ಅಷ್ಟರಲ್ಲಿ ವರ್ಗವಾಗಿರಲೂಬಹುದು. ಹೊಸಬರಿಗೆ ನಿಮ್ಮ ಕಥೆ ಗೊತ್ತಿರುವುದಿಲ್ಲ. ಮಾಹಿತಿ ಹಕ್ಕಿನ ಉತ್ತರ ಸಮಾಧಾನ ತರದಿದ್ದರೆ ‘ಕಲಂ 19(1)ರ ಅಡಿ ಮೊದಲ ಮೇಲ್ಮನವಿ’ ಎಂದೇ ವಿಷಯ ಬರೆಯಿರಿ. ಉತ್ತರ ಕೈಸೇರಿದ 30 ದಿನಗಳೊಳಗೆ ಸಲ್ಲಿಸಬೇಕೆಂಬುದು ನೆನಪಿರಲಿ.

ನಡುವೆ ಚರಂಡಿಯ ತೊಂದರೆ ನೆನಪಾಯಿತೇ? ಅದಕ್ಕೆ ಬೇರೆ ಕಾಗದ. ಇಮೇಲ್‌ನಲ್ಲೂ ಅಷ್ಟೇ: ಮಾತು ಅದೇ ಆಗಿದ್ದರೆ ಹಳೆಯ ತಲೆಬರಹ ಉಳಿಯಲಿ, ಮಾತು ಬದಲಾದರೆ ತಲೆಬರಹವೂ ಬದಲಾಗಲಿ.

1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹುಟ್ಟಿದ ಊರು ನಮ್ಮದು. ಪತ್ರಿಕೆಗೆ ಬರೆಯುವ ಓದುಗರೇ, ಬರಿಯ ‘ಪ್ರತಿಕ್ರಿಯೆ’ ಎನ್ನದೆ, ಯಾವ ದಿನದ ಯಾವ ಬರಹಕ್ಕೆ ಎಂಬುದನ್ನು ಮೊದಲ ಸಾಲಿನಲ್ಲೇ ದಯವಿಟ್ಟು ತಿಳಿಸಿ.