ಮನಸ್ಸು ಕೂತರೆ ಪಾಠವೂ ಕೂರುತ್ತದೆ

"ಸಿಲಬಸ್ ಮುಗಿಸೋದಕ್ಕೇ ಟೈಮಿಲ್ಲ, ಇನ್ನು ಮಕ್ಕಳ ಮನಸ್ಸು ನೋಡ್ತಾ ಕೂರೋದೆಲ್ಲಿ ಸಾರ್?" ಶಿಕ್ಷಕರ ಕೊಠಡಿಯಲ್ಲಿ ಮತ್ತೆ ಮತ್ತೆ ಕೇಳುವ ಮಾತು. ಕಷ್ಟ ನಿಜವಾದದ್ದೇ. ಆದರೆ ಶಾಲೆಗಳಲ್ಲಿ ನಡೆದ 213 ಸಾಮಾಜಿಕ-ಭಾವನಾತ್ಮಕ ಕಲಿಕೆಯ (ತನ್ನ ಭಾವನೆ ಅರಿಯುವುದನ್ನೂ ಇತರರೊಡನೆ ಹೊಂದಿಕೊಳ್ಳುವುದನ್ನೂ ಕಲಿಸುವ) ಕಾರ್ಯಕ್ರಮಗಳನ್ನು ಒಟ್ಟಿಗಿಟ್ಟು ನೋಡಿದ ದೊಡ್ಡ ಅಧ್ಯಯನವೊಂದು 2011ರಲ್ಲಿ ಅಮೆರಿಕದಿಂದ ಬಂತು. ಅದರ ವ್ಯಾಪ್ತಿಗೆ ಬಂದ ಮಕ್ಕಳು ಸುಮಾರು 2.7 ಲಕ್ಷ. ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ನಟ್ಟನಡುವೆ ನಿಲ್ಲಬೇಕಿದ್ದ ಮಗು ಇಂಥ ಕಾರ್ಯಕ್ರಮದಿಂದ ಹನ್ನೊಂದು ಸ್ಥಾನ ಮುಂದೆ ಹೋಗುತ್ತದೆ ಎನ್ನುವಷ್ಟು ವ್ಯತ್ಯಾಸ ಕಂಡಿತು. ಭಯ ತುಂಬಿದ ತಲೆಯಲ್ಲಿ ಕೂಡುವ ಲೆಕ್ಕದ ದಶಕ ಹಿಡಿದಿಟ್ಟುಕೊಳ್ಳಲೂ ಜಾಗ ಇರುವುದಿಲ್ಲ. ಆ ಜಾಗ ತೆರವು ಮಾಡಿಕೊಡಲು ಕೆಲವು ಸೂತ್ರಗಳು:

1. ‘ಬೇಜಾರು’ ಅಂದರೆ ಯಾವ ಬೇಜಾರು ಎಂದು ಕೇಳಿ.
ನಮ್ಮ ಮಕ್ಕಳ ಬಾಯಲ್ಲಿ ಎಲ್ಲದಕ್ಕೂ ಒಂದೇ ಪದ. ಗೆಳತಿ ಮಾತು ಬಿಟ್ಟರೂ ಬೇಜಾರು, ಅಪ್ಪ ಕುಡಿದು ಬಂದರೂ ಬೇಜಾರು, ಪಾಠ ಉದ್ದವಾದರೂ ಬೇಜಾರು. ಮುನಿಸು, ಅಳುಕು, ಕಸಿವಿಸಿ, ದುಗುಡ, ತಳಮಳ, ಹೊಟ್ಟೆಕಿಚ್ಚು: ಕನ್ನಡದಲ್ಲಿ ಎಷ್ಟೊಂದು ಮಾತುಗಳಿವೆ! ವಾರಕ್ಕೆರಡು ಪದಗಳನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆಯಿರಿ. ಹಾಜರಿ ಕೂಗುವಾಗ ‘ಎಸ್ ಮಿಸ್’ ಬದಲು ಇಷ್ಟವಿದ್ದವರು ತಮ್ಮ ಆ ದಿನದ ಪದ ಹೇಳಲಿ. ನಲಿಕಲಿ ತರಗತಿಯಲ್ಲಿ ಮಕ್ಕಳು ಬಿಸಿಲೋ ಮೋಡವೋ ಎಂದು ಹವಾಮಾನ ನಕ್ಷೆ ತುಂಬುತ್ತಾರಲ್ಲ, ಅದರ ಪಕ್ಕದಲ್ಲೇ ಮನಸ್ಸಿನ ನಕ್ಷೆಯೂ ಇರಲಿ. ಹೆಸರು ಸಿಕ್ಕ ಸಂಕಟವನ್ನು ಮಗು ಹೇಳಿಕೊಳ್ಳುತ್ತದೆ. ಹೆಸರು ಸಿಗದ್ದು ಪಕ್ಕದವನ ಬೆನ್ನ ಮೇಲೆ ಗುದ್ದಾಗಿ ಬೀಳುತ್ತದೆ. ಒಂದು ಎಚ್ಚರ: ಮನೆಯ ವಿಷಯವನ್ನು ಎಲ್ಲರೆದುರು ಕೆದಕಬೇಡಿ. ಸುಮ್ಮನಿರುವ ಹಕ್ಕು ಮಗುವಿಗಿದೆ.

2. ಹೊರಗಿನ ತಜ್ಞರಿಗಾಗಿ ಕಾಯಬೇಡಿ.
ಅದೇ ಅಧ್ಯಯನದಲ್ಲಿ ನನಗೆ ಹೆಚ್ಚು ಧೈರ್ಯ ಕೊಟ್ಟ ಅಂಶವಿದು. ತರಗತಿಯ ಶಿಕ್ಷಕರೇ ನಡೆಸಿದ ಕಾರ್ಯಕ್ರಮಗಳು ಒಳ್ಳೆಯ ಫಲ ಕೊಟ್ಟಿದ್ದವು. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರಲ್ಲಿ ಶುರುವಾದ ‘ಹ್ಯಾಪಿನೆಸ್’ ತರಗತಿಯನ್ನೂ ಶಾಲೆಯ ಶಿಕ್ಷಕರಿಗೇ ವಹಿಸಲಾಯಿತು. ವರ್ಷಕ್ಕೊಂದು ಭಾಷಣ ಏರ್ಪಡಿಸುವುದಕ್ಕಿಂತ ದಿನಕ್ಕೆ ಹತ್ತು ನಿಮಿಷ ತೆಗೆದಿಡಿ.

3. ಪಾಠವನ್ನು ತುಂಡು ಮಾಡಿ ಹಂಚಿ.
1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ನಗರದ ಶಾಲೆಗಳಲ್ಲಿ ಕಪ್ಪು, ಬಿಳಿ, ಹಿಸ್ಪಾನಿಕ್ ಮಕ್ಕಳು ಒಂದೇ ತರಗತಿಗೆ ಬಂದಾಗ ಹೊಡೆದಾಟ ಶುರುವಾಯಿತು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ ಮತ್ತು ಅವರ ವಿದ್ಯಾರ್ಥಿಗಳು ಉಪದೇಶಕ್ಕೆ ಹೋಗಲಿಲ್ಲ. ಪಾಠವನ್ನೇ ಭಾಗ ಮಾಡಿ, ಗುಂಪಿನ ಒಂದೊಂದು ಮಗುವಿಗೆ ಒಂದೊಂದು ಭಾಗ ಕೊಟ್ಟರು. ಪಕ್ಕದವಳ ಮಾತು ಕೇಳಿಸಿಕೊಳ್ಳದೆ ಯಾರಿಗೂ ಪೂರ್ತಿ ಪಾಠ ಸಿಗುವಂತಿರಲಿಲ್ಲ. ‘ಜಿಗ್‌ಸಾ’ ವಿಧಾನ ಎಂದು ಅದಕ್ಕೆ ಹೆಸರಾಯಿತು. ನಾಳೆ ವಿಜಯನಗರ ಸಾಮ್ರಾಜ್ಯದ ಪಾಠದಲ್ಲಿ ಮಾಡಿ ನೋಡಿ: ಒಬ್ಬರಿಗೆ ಆಡಳಿತ, ಒಬ್ಬರಿಗೆ ಸಾಹಿತ್ಯ, ಒಬ್ಬರಿಗೆ ವಾಸ್ತುಶಿಲ್ಪ, ಒಬ್ಬರಿಗೆ ವ್ಯಾಪಾರ. ಯಾರೂ ಜೊತೆಗೆ ಸೇರಿಸಿಕೊಳ್ಳದ ಮಗುವಿಗೂ ಅವತ್ತು ಕಿವಿಗೊಡಲೇಬೇಕಾಗುತ್ತದೆ.

4. ಅಂಕಗಳನ್ನು ಗಟ್ಟಿಯಾಗಿ ಓದಬೇಡಿ.
ಉತ್ತರಪತ್ರಿಕೆ ಮಡಚಿ ಕೈಗೆ ಕೊಡಿ, ಸಾಕು. ‘ದಡ್ಡ’ ಎಂಬ ಪದ ತರಗತಿಯೊಳಗೆ ಬೇಡವೇ ಬೇಡ.

5. ಪರೀಕ್ಷೆಗೆ ಮುಂಚೆ ಭಯವನ್ನು ಬರೆಸಿ.
ಪರೀಕ್ಷೆಗೆ ಮುಂಚಿನ ಹತ್ತು ನಿಮಿಷ ಮನಸ್ಸಿನಲ್ಲಿರುವ ಆತಂಕವನ್ನು ಕಾಗದದ ಮೇಲೆ ಬರೆದ ಮಕ್ಕಳ ಬಗ್ಗೆ ಮನಶ್ಶಾಸ್ತ್ರಜ್ಞರಾದ ಜೆರಾರ್ಡೊ ರಾಮಿರೆಜ್ ಮತ್ತು ಸಿಯಾನ್ ಬೈಲಾಕ್ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಒಂಬತ್ತನೇ ತರಗತಿಯ ಜೀವಶಾಸ್ತ್ರ ಪರೀಕ್ಷೆ ಅದು. ಹೆಚ್ಚು ಹೆದರುತ್ತಿದ್ದವರಿಗೇ ಹೆಚ್ಚು ಲಾಭವಾಗಿತ್ತು. ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯಲ್ಲೇ ಅಭ್ಯಾಸ ಮಾಡಿಸಿ. ‘ಫೇಲಾದರೆ ಮದುವೆ ಮಾಡ್ತಾರೆ’ ಎಂದು ಒಬ್ಬಳು ಬರೆದಾಳು. ಆ ಹಾಳೆಯನ್ನು ಹರಿದು ಬಿಸಾಡುವುದೂ ನಿಮಗೆ ತೋರಿಸುವುದೂ ಅವಳ ಇಷ್ಟ. ತೋರಿಸಿದಳೋ, ನಿಮ್ಮ ಕೆಲಸ ಅಲ್ಲಿಂದ ಶುರು.

6. ಜಗಳವಾದರೆ ‘ಸಾರಿ ಕೇಳು’ ಎಂದು ಮುಗಿಸಬೇಡಿ.
ಮೂರು ಪ್ರಶ್ನೆ ಸಾಕು: ಏನಾಯ್ತು? ಯಾರಿಗೆ ನೋವಾಯ್ತು? ಸರಿ ಮಾಡೋಕೆ ನೀನೇನು ಮಾಡ್ತೀಯ? ಉತ್ತರ ಬರುವತನಕ ಕಾಯಿರಿ. ಅದೇ ಕಷ್ಟದ ಭಾಗ.

7. ನಿಮ್ಮ ಕೈ ಮೀರಿದ್ದನ್ನು ಗುರುತಿಸಿ.
ಬಿಸಿಯೂಟ ಮುಟ್ಟದ ಮಗು, ಇದ್ದಕ್ಕಿದ್ದಂತೆ ಹಿಂದಿನ ಬೆಂಚಿಗೆ ಸರಿದ ಮಗು, ಸೋಮವಾರಗಳಲ್ಲೇ ಗೈರಾಗುವ ಮಗು: ಇವರನ್ನು ಪಾಠದ ನಂತರ ಒಂದು ನಿಮಿಷ ನಿಲ್ಲಿಸಿಕೊಂಡು "ಊಟ ಆಯ್ತಾ?" ಎಂದು ಕೇಳುವುದರಿಂದ ಶುರು ಮಾಡಿ. ಮನಸ್ಸಿನ ಕಷ್ಟ ದೊಡ್ಡದೆನಿಸಿದರೆ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಹಗಲಿರುಳು ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗುವಿಗೆ ಯಾರಿಂದಲಾದರೂ ಅಪಾಯವಿದ್ದರೆ ಮಕ್ಕಳ ಸಹಾಯವಾಣಿ 1098. ಎರಡೂ ಸಂಖ್ಯೆಗಳನ್ನು ನೋಟಿಸ್ ಬೋರ್ಡಿನಲ್ಲಿ ಮಕ್ಕಳ ಕಣ್ಣಿನ ಎತ್ತರಕ್ಕೆ ಅಂಟಿಸಿ.