ಕಾಫಿಗಾಗಿ ಯಾರೂ ಮತ ಬಿಡುವುದಿಲ್ಲ, ಮಗೂ

ಅಮೆರಿಕದ ಯೂಟಾಗೆ ಕೆಲಸಕ್ಕೆ ಹೋಗಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ಅಲ್ಲಿಯ ಮಾರ್ಮನ್ ಚರ್ಚಿನವರ ಮೇಲೆ ತೀರ್ಪು ಕೊಡುವಷ್ಟು ದೊಡ್ಡವನಾಗಿಬಿಟ್ಟೆ! ಆಫೀಸಿನಲ್ಲಿ ಪಕ್ಕ ಕೂರುವವನು ಮೊದಲು ಕಾಫಿ ಮುಟ್ಟುತ್ತಿರಲಿಲ್ಲ, ಈಗ ಲೋಟ ಹಿಡಿದೇ ಓಡಾಡುತ್ತಾನೆ, ಚರ್ಚನ್ನೂ ಬಿಟ್ಟಿದ್ದಾನೆ ಅಂದೆ. "ನಾಲಿಗೆ ಚಪಲ ಗೆದ್ದಿತು ಅಜ್ಜಿ" ಅಂತ ನಕ್ಕೂ ಬಿಟ್ಟೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನೀನು. ಬುದ್ಧಿ ಚುರುಕು, ಸಮಾಧಾನ ಕಮ್ಮಿ. ನಿನ್ನ ಚಿಕ್ಕಪ್ಪ ಅಲ್ಲಿದ್ದಾಗ ನಾನೂ ಆ ಜನರ ನಡುವೆ ಇದ್ದು ಬಂದವಳು. ಕಂಡದ್ದು, ಕೇಳಿದ್ದು, ಆಮೇಲೆ ಓದಿದ್ದು, ಎಲ್ಲ ಸೇರಿಸಿ ಹೇಳುತ್ತೇನೆ, ಕಿವಿ ಇಲ್ಲಿ ಕೊಡು.

ಮೊದಲು, ಬಿಡುವವನು ಏನೇನು ಕಳೆದುಕೊಳ್ಳುತ್ತಾನೆ ಅಂತ ಲೆಕ್ಕ ಹಾಕು. ಆ ಮನೆಗಳಲ್ಲಿ ಮಗುವಿಗೆ 8 ವರ್ಷಕ್ಕೆ ದೀಕ್ಷಾಸ್ನಾನ. ಹುಡುಗರು 18 ತುಂಬಿದ ಮೇಲೆ ಎರಡು ವರ್ಷ ಮಿಷನ್ ಅಂತ ಊರು ಬಿಟ್ಟು ಧರ್ಮಪ್ರಚಾರಕ್ಕೆ ಹೋಗುತ್ತಾರೆ. ದುಡಿದದ್ದರಲ್ಲಿ ಹತ್ತರಲ್ಲೊಂದು ಪಾಲು ಚರ್ಚಿಗೆ. ಕಾಫಿ, ಟೀ, ಹೆಂಡ, ಹೊಗೆಸೊಪ್ಪು ಕೂಡದೆಂಬ ಕಟ್ಟಳೆಯ ಮೂಲ 1833ರಷ್ಟು ಹಳೆಯದು. ಬರೀ ಕಟ್ಟುಪಾಡು ಅಂದುಕೊಳ್ಳಬೇಡ. ವಾರ್ಡ್ ಅಂತ ಕರೆಯುವ ಅವರ ಸ್ಥಳೀಯ ಸಭೆ ಒಂದು ದೊಡ್ಡ ಸಂಸಾರ. ಬಾಣಂತಿ ಮನೆಗೆ ಬಂದಳೆಂದರೆ ಅಡುಗೆ ತಾನಾಗಿ ಬಾಗಿಲಿಗೆ ಬರುತ್ತದೆ. ಮನೆ ಬದಲಾಯಿಸುತ್ತೀವಿ ಅಂದರೆ ಸಾಮಾನು ಹೊರಲು ಗಂಡಸರು ಹಾಜರ್. ಟೆಂಪಲ್‌ನಲ್ಲಿ ಮದುವೆಯಾದವರು ಸತ್ತ ಮೇಲೂ ಒಟ್ಟಿಗಿರುತ್ತಾರೆಂಬುದು ಅವರ ನಂಬಿಕೆ. ಆ ಟೆಂಪಲ್ ಒಳಗೆ ಹೋಗಲು ಬಿಷಪ್ ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳಿ ರೆಕಮೆಂಡ್ ಎಂಬ ಚೀಟಿ ಪಡೆಯಬೇಕು. ಚೀಟಿ ಇಲ್ಲದಿದ್ದರೆ ಹೆತ್ತ ತಾಯಿಯೂ ಮಗಳ ಮದುವೆಗೆ ಹೊರಗೇ ನಿಲ್ಲಬೇಕು. ಈಗ ಹೇಳು, ಒಂದು ಲೋಟ ಕಾಫಿಗಾಗಿ ಯಾವ ಮೂರ್ಖ ಇಷ್ಟನ್ನೆಲ್ಲ ಕಳೆದುಕೊಂಡಾನು?

ನಿನ್ನ ಅವಸರ ಹೊಸದೇನಲ್ಲ ಬಿಡು. ಅವರಲ್ಲೇ ಒಂದು ಹಳೆಯ ಕತೆ ಇದೆ. ಥಾಮಸ್ ಮಾರ್ಷ್ ಅಂತ, ಹನ್ನೆರಡು ಮಂದಿ ಅಪೊಸ್ತಲರ ಮಂಡಳಿಗೆ ಮೊದಲ ಅಧ್ಯಕ್ಷ. 1838ರಲ್ಲಿ ಮಿಸ್ಸೌರಿಯಲ್ಲಿ ಅವನ ಹೆಂಡತಿ ಮತ್ತೊಬ್ಬಳ ಜೊತೆ ಹಾಲು ಕೂಡಿಹಾಕಿ ಸರದಿಯಲ್ಲಿ ಚೀಸ್ ಮಾಡುವ ಒಪ್ಪಂದ ಮಾಡಿಕೊಂಡಳಂತೆ. ಹಾಲು ಕರೆದವರಿಗೆ ಗೊತ್ತು, ಕೊನೆಯಲ್ಲಿ ಬರುವ ಹಾಲಿನಲ್ಲೇ ಕೆನೆ ಹೆಚ್ಚು. ಅದನ್ನು ಈಕೆ ಮನೆಗಿಟ್ಟುಕೊಂಡು ಉಳಿದದ್ದನ್ನು ಕಳಿಸಿದಳಂತೆ. ಪಂಚಾಯಿತಿ ಮೇಲೆ ಪಂಚಾಯಿತಿಯಾಗಿ, ಎಲ್ಲ ಕಡೆ ಅವಳದೇ ತಪ್ಪೆಂದಾಗಿ, ಗಂಡ ರೋಷಕ್ಕೆ ಚರ್ಚನ್ನೇ ಬಿಟ್ಟನಂತೆ. ಬರುಬರುತ್ತಾ ಇದು ನೀತಿಪಾಠವಾಯಿತು. ಆದರೆ ಅದೇ 1838ರ ಅಕ್ಟೋಬರಿನಲ್ಲಿ ಮಾರ್ಷ್ ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ ಓದು. ಮಾರ್ಮನ್ನರಿಗೂ ಅಲ್ಲಿಯ ಜನರಿಗೂ ಬಡಿದಾಟ ನಡೆದಿದ್ದ ಕಾಲ ಅದು. ತನ್ನವರೂ ಬೆಂಕಿ ಇಡುವುದಕ್ಕೆ, ಲೂಟಿಗೆ ಇಳಿದರು ಅನ್ನುವುದು ಅವನ ಸಂಕಟ. ಕೆನೆಯ ಕತೆ ಹೇಳಿದರೆ ಬೆಂಕಿಯ ಕತೆ ಹೇಳಬೇಕಾಗಿಲ್ಲ, ನೋಡು. ನೀನು ಕಾಫಿಯ ಕತೆ ಕಟ್ಟಿದ್ದೂ ಹೀಗೇ.

ಹಾಗಾದರೆ ಯಾಕೆ ಬಿಡುತ್ತಾರೆ? ಉತ್ತರ ಸಿಗದ ಪ್ರಶ್ನೆಯನ್ನು ಸದ್ಯಕ್ಕೆ ಶೆಲ್ಫಿನ ಮೇಲಿಡು ಅನ್ನುವುದು ಅವರಲ್ಲಿ ವಾಡಿಕೆ. ಒಂದು ಇಟ್ಟರೆ ಏನೂ ಆಗದು. ವರ್ಷಗಟ್ಟಲೆ ಪೇರಿಸುತ್ತ ಹೋದರೆ ಒಂದು ದಿನ ಹಲಗೆ ಮುರಿಯುತ್ತದೆ. ಎಂಥ ಪ್ರಶ್ನೆಗಳು ಅಂತೀಯಾ? ಚರ್ಚ್ ಸ್ಥಾಪಿಸಿದ್ದು ಜೋಸೆಫ್ ಸ್ಮಿತ್, 1830ರಲ್ಲಿ. ಚಿನ್ನದ ತಗಡುಗಳ ಮೇಲೆ ಬೆರಳಿಟ್ಟು ಓದುತ್ತ ಅವನು ಅವರ ಧರ್ಮಗ್ರಂಥವಾದ ಬುಕ್ ಆಫ್ ಮಾರ್ಮನ್ ಅನುವಾದಿಸುವ ಚಿತ್ರ ನೋಡುತ್ತಲೇ ಮಕ್ಕಳು ಬೆಳೆದವು. ಟೋಪಿಯೊಳಗೆ ಒಂದು ಕಲ್ಲಿಟ್ಟು, ಅದರೊಳಗೆ ಮುಖ ಹುದುಗಿಸಿ ಹೇಳಿ ಬರೆಸುತ್ತಿದ್ದ ಅನ್ನುವುದನ್ನು ಅನೇಕರು ದೊಡ್ಡವರಾದ ಮೇಲೆ ತಿಳಿದರು. ಆ ಕಲ್ಲಿನ ಫೋಟೋವನ್ನು ಚರ್ಚ್ ತಾನೇ ಪ್ರಕಟಿಸಿದ್ದು 2015ರಲ್ಲಿ. ಅವನಿಗೆ 30ರಿಂದ 40 ಹೆಂಡಂದಿರು, ಅವರಲ್ಲೊಬ್ಬಳಿಗೆ 15 ತುಂಬಿರಲಿಲ್ಲ ಅಂತ ಚರ್ಚ್ ತನ್ನದೇ ಲೇಖನದಲ್ಲಿ ಒಪ್ಪಿದ್ದು 2014ರಲ್ಲಿ. ಬುಕ್ ಆಫ್ ಅಬ್ರಹಾಂ ಎಂಬ ಅವರ ಇನ್ನೊಂದು ಗ್ರಂಥಕ್ಕೆ ಮೂಲವೆಂದು ನಂಬಿದ್ದ ಈಜಿಪ್ಟಿನ ಪಪೈರಸ್ ತುಣುಕುಗಳು 1967ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂನಿಂದ ಚರ್ಚಿಗೆ ಬಂದವು. ವಿದ್ವಾಂಸರು ಓದಿದರೆ ಹೆಣದ ಜೊತೆ ಇಡುವ ಮಾಮೂಲಿ ಮಂತ್ರಗಳು, ಅಬ್ರಹಾಮನ ಸುದ್ದಿಯೇ ಇಲ್ಲ.

ಬಿಟ್ಟವರು ಗೋಳಾಡುವುದು ಟೋಪಿಗೂ ಕಲ್ಲಿಗೂ ಅಂದುಕೊಂಡೆಯಾ? "ಗೊತ್ತಿಲ್ಲದೆ ಮನೆಮನೆಗೆ ಹೋಗಿ ಬೇರೆಯೇ ಕತೆ ಹೇಳಿ ಬಂದೆನಲ್ಲ" ಅನ್ನುವುದು ಅವರ ಕೊರಗು. ಮೋಸಹೋದೆ ಅನ್ನುವುದಕ್ಕಿಂತ, ತನ್ನ ಬಾಯಿಂದಲೇ ಇನ್ನೊಬ್ಬರಿಗೆ ಮೋಸವಾಯಿತೇ ಅನ್ನುವುದು ಹೆಚ್ಚು ಚುಚ್ಚುತ್ತದೆ.

ಎಲ್ಲರಿಗೂ ಇತಿಹಾಸವೇ ಕಾರಣವಲ್ಲ. ಕಪ್ಪು ಜನರಿಗೆ 1978ರವರೆಗೆ ಪೌರೋಹಿತ್ಯವಿರಲಿಲ್ಲ; ಹೆಂಗಸರಿಗೆ ಇಂದಿಗೂ ಇಲ್ಲ. ಸಲಿಂಗಿ ದಂಪತಿಯ ಮಕ್ಕಳಿಗೆ ದೀಕ್ಷಾಸ್ನಾನ ಬೇಡವೆಂದು 2015ರಲ್ಲಿ ನಿಯಮ ಬಂತು, 2019ರಲ್ಲಿ ಹೋಯಿತು. ನಡುವಿನ ವರ್ಷಗಳಲ್ಲಿ ಎಷ್ಟೋ ತಾಯಂದಿರು ಮಗನೋ ಚರ್ಚೋ ಅಂತ ತೂಗಬೇಕಾಯಿತು. ತಾಯಿ ಯಾವ ಕಡೆ ವಾಲುತ್ತಾಳೆ ಅಂತ ನಿನಗೆ ಬೇರೆ ಹೇಳಬೇಕೆ? 2023ರಲ್ಲಿ, ಷೇರು ಹೂಡಿಕೆಯನ್ನು ಹೆಸರಿಗಷ್ಟೇ ಇದ್ದ ಕಂಪನಿಗಳ ಮರೆಯಲ್ಲಿಟ್ಟದ್ದಕ್ಕೆ ಚರ್ಚಿಗೂ ಅದರ ಹೂಡಿಕೆ ಸಂಸ್ಥೆಗೂ ಸೇರಿ 50 ಲಕ್ಷ ಡಾಲರ್ ದಂಡ ಬಿತ್ತು. ಹೊಟ್ಟೆಬಟ್ಟೆ ಕಟ್ಟಿ ಹತ್ತನೇ ಪಾಲು ಕೊಟ್ಟವರಿಗೆ ಹೇಗಾಗಿರಬೇಡ!

ಪ್ಯೂ ಸಂಸ್ಥೆಯ ಸಮೀಕ್ಷೆ ಹೇಳುವಂತೆ, ಆ ಮತದಲ್ಲಿ ಬೆಳೆದ ಅಮೆರಿಕನ್ನರಲ್ಲಿ ಅಲ್ಲೇ ಉಳಿದವರು 2007ರಲ್ಲಿ ನೂರಕ್ಕೆ 70, 2014ರಲ್ಲಿ 64. ಮನಸ್ಸಿಗೆ ನೋವಾಯಿತು, ಸೋಮಾರಿಗಳು, ಪಾಪ ಮಾಡಿದರು, ಅದಕ್ಕೇ ಬಿಟ್ಟರು ಅಂತ ಸುಲಭವಾಗಿ ಅಂದುಕೊಳ್ಳಬೇಡಿ ಎಂದು ಅವರದೇ ಮುಖಂಡ ಡೀಟರ್ ಉಖ್ಟ್‌ಡಾರ್ಫ್ 2013ರ ಮಹಾಸಭೆಯಲ್ಲಿ ಎಚ್ಚರಿಸಿದರು. ಒಳಗಿನವರೇ ಅಷ್ಟು ತಾಳ್ಮೆ ತೋರಿಸುವಾಗ ನಿನ್ನದೇನು ಗಡಿಬಿಡಿ?

ಇದನ್ನು ಕೇಳಿ ಈಗ ಇನ್ನೊಂದು ಮಗ್ಗುಲಿಗೆ ಹೊರಳಬೇಡ, "ಉಳಿದವರೆಲ್ಲ ದಡ್ಡರು" ಅಂತ. ನಿನ್ನನ್ನು ಬಲ್ಲೆ. ಫಾನ್ ಬ್ರೋಡಿ ಅನ್ನುವವಳು ಚರ್ಚಿನ ದೊಡ್ಡ ಮುಖಂಡರೊಬ್ಬರ ತಮ್ಮನ ಮಗಳು. ಜೋಸೆಫ್ ಸ್ಮಿತ್‌ನ ಜೀವನಚರಿತ್ರೆಯನ್ನು 1945ರಲ್ಲಿ ಬಿಚ್ಚಿ ಬರೆದಳು, ಮರುವರ್ಷ ಬಹಿಷ್ಕಾರ ಉಂಡಳು. ಲಿಯೊನಾರ್ಡ್ ಆರಿಂಗ್ಟನ್ 1972ರಲ್ಲಿ ಚರ್ಚಿನ ಇತಿಹಾಸಕಾರನಾದ. ಹಳೆಯ ಕಡತಗಳನ್ನೆಲ್ಲ ಜಾಲಾಡಿದ. ಮೇಲಿನವರ ಮುನಿಸು ಕಂಡ. ಆದರೂ 1999ರಲ್ಲಿ ಸಾಯುವವರೆಗೆ ನಂಬಿಕೆ ಬಿಡಲಿಲ್ಲ. ಇತಿಹಾಸ ಕೆದಕಿದ್ದು ಇಬ್ಬರೂ. ಹೋದವಳಿಗೆ ಧೈರ್ಯ ಬೇಕಿತ್ತು, ಇದ್ದವನಿಗೂ ಬೇಕಿತ್ತು.

ಅದಕ್ಕೇ ಹೇಳುತ್ತೇನೆ, ಆ ಹುಡುಗನನ್ನು ಒಂದು ದಿನ ಊಟಕ್ಕೆ ಕರೆ. ಭಾನುವಾರಗಳು ಅವನಿಗೆ ಈಗ ಬಣಗುಟ್ಟುತ್ತಿರುತ್ತವೆ. "ಯಾಕೆ ಬಿಟ್ಟೆ" ಅಂತ ಕೆದಕಬೇಡ, "ಒಳ್ಳೆಯದಾಯಿತು ಬಿಡು" ಅಂತ ಬೆನ್ನೂ ತಟ್ಟಬೇಡ. ಅಮ್ಮ ಹೇಗಿದ್ದಾರೆ ಅಂತ ಕೇಳು, ಸಾಕು. ಇನ್ನೊಬ್ಬ ಸಹೋದ್ಯೋಗಿ ವಾರ್ಡಿಗೆ ಕರೆದರೆ ಅಲ್ಲಿಗೂ ಹೋಗಿ ಬಾ, ಗಂಟೇನೂ ಹೋಗುವುದಿಲ್ಲ. ಇದೆಲ್ಲ ಏಳು ಸಮುದ್ರದಾಚೆಯ ಮಾತು ಅಂತಲೂ ತಿಳಿಯಬೇಡ. ಬೆಂಗಳೂರಿನಲ್ಲೇ ಅವರ ಟೆಂಪಲ್ ಕಟ್ಟುವುದಾಗಿ 2018ರಲ್ಲಿ ಘೋಷಿಸಿದ್ದಾರೆ.

ಕೊನೆಯದಾಗಿ ಒಂದೇ ಮಾತು. ನಾಳೆ ನಿನಗೂ ಮಕ್ಕಳಾಗುತ್ತವೆ, ಅವಕ್ಕೂ ನೀನು ಏನನ್ನೋ ನಂಬಲು ಕಲಿಸುತ್ತೀಯ. ಮನೆತನದ್ದಾಗಲಿ, ಮಠದ್ದಾಗಲಿ, ದೇವರದ್ದಾಗಲಿ, ಹುಳುಕಿದ್ದರೆ ಅದನ್ನೂ ನೀನೇ ಮುಂಚೆ ಹೇಳು. ಅಪ್ಪನ ಬಾಯಲ್ಲಿ ಕೇಳಿದ ಹುಳುಕನ್ನು ಮಕ್ಕಳು ಅರಗಿಸಿಕೊಳ್ಳುತ್ತಾರೆ. ಮುಚ್ಚಿಟ್ಟದ್ದು ಬೇರೆಯವರಿಂದ ತಿಳಿದರೆ, ನೀನು ಹೇಳಿದ ನಿಜವನ್ನೂ ಅವರು ನಂಬುವುದಿಲ್ಲ.