ಮೂವರೂ ಒಟ್ಟಿಗೆ ದರ ಏರಿಸಿದರೆ ಟ್ರಾಯ್ ಏನು ಮಾಡುತ್ತದೆ?

ಪ್ರಶ್ನೆ: 2024ರ ಜುಲೈನಲ್ಲಿ ಜಿಯೊ, ಏರ್‌ಟೆಲ್, ವೊಡಾಫೋನ್ ಐಡಿಯಾ ಮೂರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ರೀಚಾರ್ಜ್ ದರ ಏರಿಸಿದವು. ಇಂಥದ್ದನ್ನು ತಡೆಯಲೆಂದೇ ಟ್ರಾಯ್ ಇರುವುದಲ್ಲವೇ? ಸ್ಪರ್ಧೆ ಕಾಯುವ ನಿಯಮಗಳಿಂದ ನಿಜಕ್ಕೂ ಏನಾದರೂ ಉಪಯೋಗವಿದೆಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊಬೈಲ್ ದರ ಎಷ್ಟಿರಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಗೊತ್ತುಮಾಡುವುದಿಲ್ಲ. ರೋಮಿಂಗ್‌ನಂಥ ಕೆಲವನ್ನು ಬಿಟ್ಟರೆ ದರ ಕಂಪನಿಗಳ ಇಷ್ಟ. ಜಾರಿ ಮಾಡಿದ ಏಳು ಕೆಲಸದ ದಿನಗಳೊಳಗೆ ವರದಿ ಒಪ್ಪಿಸಿದರಾಯಿತು. ಸ್ಪರ್ಧೆಯೇ ದರವನ್ನು ಹದ್ದುಬಸ್ತಿನಲ್ಲಿಡುತ್ತದೆ ಎಂಬ ನಂಬಿಕೆಯ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಪದ್ಧತಿ ನಡೆದಿದೆ. ಒಟ್ಟಿಗೆ ಏರಿಸಿದ್ದಷ್ಟೇ ಅಪರಾಧವೂ ಅಲ್ಲ. ಒಳಒಪ್ಪಂದ ಇತ್ತೆಂದು ರುಜುವಾತಾಗಬೇಕು. ಒಬ್ಬರನ್ನು ನೋಡಿ ಇನ್ನೊಬ್ಬರು ಏರಿಸಿದರೆ ಕಾನೂನು ಸುಮ್ಮನಿರುತ್ತದೆ.

ಹಾಗೆಂದು ನಿಯಮಗಳು ವ್ಯರ್ಥವೆನ್ನಲಾಗದು. ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಅವಕಾಶ ದೇಶದ ಎಲ್ಲೆಡೆ ಸಿಕ್ಕಿದ್ದು 2011ರ ಜನವರಿಯಲ್ಲಿ. 2015ರ ಜುಲೈನಿಂದ ರಾಜ್ಯ ಬದಲಾದರೂ ನಂಬರ್ ಬದಲಿಸಬೇಕಿಲ್ಲ. ಒಂದು ಕಂಪನಿಯ ಕರೆಯನ್ನು ಇನ್ನೊಂದು ಕಂಪನಿ ತನ್ನ ಗ್ರಾಹಕರಿಗೆ ಮುಟ್ಟಿಸಲು ಪಡೆಯುತ್ತಿದ್ದ ಶುಲ್ಕ ನಿಮಿಷಕ್ಕೆ 14 ಪೈಸೆ ಇತ್ತು. ಟ್ರಾಯ್ ಅದನ್ನು 2017ರ ಅಕ್ಟೋಬರ್‌ನಲ್ಲಿ 6 ಪೈಸೆಗೆ ಇಳಿಸಿತು, 2021ರ ಜನವರಿಯಿಂದ ತೆಗೆದೇಹಾಕಿತು. ಹೊಸಬರ ಕರೆಗಳು ಹೆಚ್ಚಾಗಿ ಹಳಬರ ಗ್ರಾಹಕರಿಗೇ ಹೋಗುವುದರಿಂದ ಈ ಹೊರೆ ಹೊಸಬರಿಗೇ ಜಾಸ್ತಿ. ಅದು ಇಳಿಯಿತು.

ಆದರೆ ಜಗಳ ಬಂದಾಗ ವ್ಯವಸ್ಥೆ ನಿಧಾನ. 2016ರಲ್ಲಿ ಮಾರುಕಟ್ಟೆಗೆ ಬಂದ ಜಿಯೊ, ತನ್ನ ಕರೆಗಳಿಗೆ ಹಳೆಯ ಕಂಪನಿಗಳು ಸಾಕಷ್ಟು ಸಂಪರ್ಕ ಕೊಡುತ್ತಿಲ್ಲವೆಂದು ದೂರಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಟ್ರಾಯ್ ಏರ್‌ಟೆಲ್, ವೊಡಾಫೋನ್, ಐಡಿಯಾಗಳಿಗೆ ಒಟ್ಟು 3,050 ಕೋಟಿ ರೂಪಾಯಿ ದಂಡ ಶಿಫಾರಸು ಮಾಡಿತು. ದೂರಸಂಪರ್ಕ ಇಲಾಖೆಯ ನೋಟಿಸು ಹೊರಟಿದ್ದು 2021ರಲ್ಲಿ! ಈ ನಡುವೆ ಸ್ಪರ್ಧಾ ಆಯೋಗವೂ ತನಿಖೆಗೆ ಮುಂದಾಗಿತ್ತು. ಮೊದಲು ಟ್ರಾಯ್ ತೀರ್ಮಾನಿಸಲಿ, ಆಯೋಗದ ಸರದಿ ಆಮೇಲೆ ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಹೇಳಿತು. ತಕರಾರು ಇತ್ಯರ್ಥವಾಗುವ ಮೊದಲೇ ಮಾರುಕಟ್ಟೆಯೇ ಬೇರೆಯಾಗಿತ್ತು. ಏರ್‌ಸೆಲ್ ದಿವಾಳಿಯಾಯಿತು, ಟೆಲಿನಾರ್ ಮತ್ತು ಟಾಟಾದ ಮೊಬೈಲ್ ವ್ಯವಹಾರ ಏರ್‌ಟೆಲ್ ಪಾಲಾಯಿತು, ವೊಡಾಫೋನ್ ಮತ್ತು ಐಡಿಯಾ ಒಂದಾದವು.

ನಮ್ಮ ನಿಯಮಗಳ ಕೊರತೆ ಇಲ್ಲಿದೆ. ಒಳಗೆ ಬರುವವರಿಗೆ ಅವು ದಾರಿ ಮಾಡಿಕೊಡುತ್ತವೆ. ಇರುವವರು ಒಬ್ಬೊಬ್ಬರಾಗಿ ಕಣ ಬಿಟ್ಟು, ಉಳಿದ ಮೂರ್ನಾಲ್ವರು ಪರಸ್ಪರರನ್ನು ಕೆಣಕದೆ ಆರಾಮಾಗಿದ್ದರೆ ಅವುಗಳ ಕೈಯಲ್ಲಿ ಹೆಚ್ಚೇನೂ ಇಲ್ಲ. ನೀವು ಹೇಳುವ ಜುಲೈ ತಿಂಗಳಲ್ಲೇ ಬಿಎಸ್‌ಎನ್‌ಎಲ್‌ಗೆ ಸುಮಾರು 29 ಲಕ್ಷ ಗ್ರಾಹಕರು ಹೆಚ್ಚಿದರು, ಮೂರೂ ಖಾಸಗಿ ಕಂಪನಿಗಳ ಗ್ರಾಹಕರು ಕಡಿಮೆಯಾದರು. ನಂಬರ್ ಬದಲಿಸದೆ ಹೋಗುವ ಹಕ್ಕು ಕೆಲಸ ಮಾಡಿತು, ನಿಜ. ಆದರೆ ಬಿಎಸ್‌ಎನ್‌ಎಲ್‌ನ 4ಜಿ ಜಾಲ ಆಗಿನ್ನೂ ಎಲ್ಲೆಡೆ ತಲುಪಿರಲಿಲ್ಲ. ಸಿಗ್ನಲ್ ಇಲ್ಲದ ಊರಿನಲ್ಲಿ ಆ ಹಕ್ಕು ಕಾಗದದ ಮೇಲೆ ಮಾತ್ರ.

ಆದ್ದರಿಂದ ಟ್ರಾಯ್ ದರ ಇಳಿಸಿತೇ ಎಂಬುದಕ್ಕಿಂತ, ನಿಮ್ಮ ಊರಿನಲ್ಲಿ ಸರಿಯಾಗಿ ಸಿಗ್ನಲ್ ಸಿಗುವ ಕಂಪನಿಗಳು ಎಷ್ಟು ಎಂದು ಕೇಳಿನೋಡಿ. ಎರಡೇ ಆದರೆ, ನಿಯಮ ಎಷ್ಟು ಚೆನ್ನಾಗಿದ್ದರೂ ಮುಂದಿನ ಏರಿಕೆಯನ್ನೂ ನೀವು ಕಟ್ಟಲೇಬೇಕಾಗುತ್ತದೆ.